ಕೂತ್ಕೊಳ್ತು ಅಂದ ಮಾತ್ರಕ್ಕೆ ಸರಿ ಇದೆ ಅಂತಲ್ಲ ಕಣ್ರೀ

ಮೊನ್ನೆ ರಾತ್ರಿ ಹತ್ತೂವರೆಗೆ ತಂಗಿ ಮಗನ ವಿಡಿಯೋ ಕಾಲ್. ಎತ್ತಿದ್ರೆ ಮುಖ ಇಲ್ಲ, ಬಿಚ್ಚಿಟ್ಟ ಕಂಪ್ಯೂಟರ್ ಕ್ಯಾಬಿನೆಟ್ಟು, ಒಳಗೆ ಗೇಮಿಗೆಲ್ಲಾ ಚಿತ್ರ ಮೂಡಿಸೋ ಹೊಸ ಗ್ರಾಫಿಕ್ಸ್ ಕಾರ್ಡು, ಅದರ ಮೇಲೆ ಅವನ ಹೆಬ್ಬೆರಳು. "ಮಾಮ, ಕೇಬಲ್ ಕೂರ್ತಾ ಇದೆ, ಆದ್ರೆ ಸ್ವಲ್ಪ ಬಿಗಿ. ಒತ್ಲಾ?" ಅಂದ. ಆ "ಒತ್ಲಾ" ಕೇಳೇ ನನ್ನ ಎದೆ ಧಸಕ್ಕಂತು. "ಲೋ, ಕೈ ತೆಗಿಯೋ ಮೊದ್ಲು. ಹಿಂದುಗಡೆ ಸ್ವಿಚ್ ಆಫ್ ಮಾಡು, ಆ ಕೇಬಲ್ನ ಕ್ಯಾಮೆರಾ ಹತ್ರ ತಾ" ಅಂದೆ.

ತಂದ. ನೋಡಿದ್ರೆ ಸಿಪಿಯು ಕೇಬಲ್ಲು. ಪ್ರೊಸೆಸರ್‌ಗೆ ಕರೆಂಟ್ ಕೊಡೋಕೆ, ಎಲ್ಲಾ ಭಾಗ ಕೂರೋ ದೊಡ್ಡ ಬೋರ್ಡು ಅಂದ್ರೆ ಮದರ್‌ಬೋರ್ಡ್ ಮೂಲೆಗೆ ಹಾಕ್ತೀವಲ್ಲ, ಅದು.

ಹುಡುಗನ್ನ ಬೈಯೋಕೆ ನಂಗೆ ಮನಸ್ಸು ಬರ್ಲಿಲ್ಲ, ಯಾಕಂದ್ರೆ ಅದನ್ನೂ ಗ್ರಾಫಿಕ್ಸ್ ಕಾರ್ಡಿನ ಕೇಬಲ್ಲನ್ನೂ ಪಕ್ಕಪಕ್ಕ ಇಟ್ರೆ ಅವಳಿ ಜವಳಿ ಇದ್ದಂಗಿರುತ್ತೆ, ಎರಡಕ್ಕೂ ಎಂಟೆಂಟು ತೂತು, ಎರಡೂ ಕಪ್ಪು, ಎರಡಕ್ಕೂ ಒಂದೇ ತರದ ಕ್ಲಿಪ್ಪು. ವ್ಯತ್ಯಾಸ ಗೊತ್ತಾಗ್ಬೇಕು ಅಂದ್ರೆ ಬಿಡಿಸಿ ನೋಡ್ಬೇಕು. ಸಿಪಿಯುದು ಸಾಮಾನ್ಯವಾಗಿ ನಡುವೆ ಸೀಳಿ ನಾಲ್ಕು ನಾಲ್ಕಾಗುತ್ತೆ, ಗ್ರಾಫಿಕ್ಸ್ ಕಾರ್ಡಿಂದು ಆರು ಒಂದ್ಕಡೆ, ಇನ್ನೆರಡು ಬಾಲದ ತರ ಬೇರೆ ಜೋತಾಡ್ತಿರುತ್ತೆ. ಇನ್ನೂ ಹತ್ತಿರದಿಂದ ಟಾರ್ಚ್ ಹಾಕಿ ನೋಡಿದ್ರೆ ಕೆಲವು ತೂತು ಸರಿಯಾದ ಚೌಕ, ಕೆಲವಕ್ಕೆ ಮೂಲೆ ಕತ್ತರಿಸಿದ ಹಾಗಿರುತ್ತೆ, ಆ ಚೌಕ ಮತ್ತು ಮೂಲೆಗಳ ಸಾಲು ಎರಡರಲ್ಲೂ ಬೇರೆ ಬೇರೆ. ತಪ್ಪು ಕೇಬಲ್ ಒಳಗೆ ಹೋಗದೇ ಇರ್ಲಿ ಅಂತ ಮಾಡಿರೋ ಏರ್ಪಾಡು ಇಷ್ಟೇ, ಇದನ್ನ ಹೆಬ್ಬೆರಳು ಲೆಕ್ಕಕ್ಕೇ ಇಟ್ಕೊಳಲ್ಲ.

ಒತ್ತಿ ಕೂರಿಸಿದ್ರೆ ಏನಾಗುತ್ತೆ? ಸಿಪಿಯು ಕೇಬಲ್‌ನಲ್ಲಿ 12 ವೋಲ್ಟ್ ಬರೋ ನಾಲ್ಕು ತಂತಿ ಕ್ಲಿಪ್ ಇರೋ ಸಾಲಲ್ಲಿರುತ್ತೆ, ಗ್ರೌಂಡ್, ಅಂದ್ರೆ ಕರೆಂಟ್ ವಾಪಸ್ ಹೋಗೋ ತಂತಿ, ಆ ಕಡೆ ಸಾಲು. ಗ್ರಾಫಿಕ್ಸ್ ಕಾರ್ಡಿಗೆ ಇದು ಪೂರ್ತಿ ಉಲ್ಟಾ, ಕ್ಲಿಪ್ ಕಡೆ ಗ್ರೌಂಡು, ಅದರ ಎದುರು ಸಾಲಲ್ಲಿ ಮೂರು 12 ವೋಲ್ಟು. ಅಂದ್ರೆ ನೇರಾನೇರ ಶಾರ್ಟ್. ಪವರ್ ಸಪ್ಲೈ, ಅಂದ್ರೆ ಗೋಡೆಯ ಕರೆಂಟನ್ನ ಬದಲಾಯಿಸಿ ಈ ಕೇಬಲ್‌ಗಳಿಗೆಲ್ಲಾ ಹಂಚೋ ಡಬ್ಬಿ, ಒಳ್ಳೇದಾದ್ರೆ ಕಣ್ಣು ಮಿಟುಕಿಸೋದ್ರೊಳಗೆ ತಾನೇ ಆಫ್ ಆಗಿ ಮಾನ ಉಳಿಸುತ್ತೆ. ಕಳಪೆದಾದ್ರೆ ಅಷ್ಟೇ ಕಥೆ.

ಮುಂಚೆ ಈ ತಂತಿಗಳಿಗೆ ಬಣ್ಣ ಇತ್ತು ನೆನಪಿದ್ಯಾ? ಹಳದಿ 12 ವೋಲ್ಟು, ಕೆಂಪು 5 ವೋಲ್ಟು, ಕಪ್ಪು ಗ್ರೌಂಡು. ಏನೂ ಓದದೋನು ಕೂಡ ಹಳದಿ ಯಾವ ಸಾಲಲ್ಲಿದೆ ಅಂತ ನೋಡಿ ಇದ್ಯಾಕೋ ಬೇರೆ ಇದೆಯಲ್ಲ ಅಂತ ಅನುಮಾನ ಪಡಬಹುದಿತ್ತು. ಈಗ ಕ್ಯಾಬಿನೆಟ್ಟಿಗೆ ಗಾಜಿನ ಬಾಗಿಲು ಬಂತು, ಒಳಗೆ ಎಲ್ಲಾ ಚೆಂದ ಕಾಣ್ಬೇಕು, ಅದಕ್ಕೆ ಎಲ್ಲಾ ತಂತೀನೂ ಕಪ್ಪು. ಚೆಂದಕ್ಕೋಸ್ಕರ ಮಾಹಿತಿನೇ ಅಳಿಸಿ ಹಾಕಿದ್ರು. ಇದರ ಬಗ್ಗೆ ನಂಗೆ ಬಹಳ ದಿನದಿಂದ ಸಿಟ್ಟಿದೆ, ಯಾರತ್ರ ಹೇಳ್ಕೊಂಡ್ರೂ ನಗ್ತಾರೆ.

ನನ್ನ ತಕರಾರು ಏನಪ್ಪಾ ಅಂದ್ರೆ, ಕಂಪ್ಯೂಟರ್ ಜೋಡಿಸೋರಿಗೆಲ್ಲಾ ಮೊದಲ ದಿನದಿಂದ ಹೇಳ್ಕೊಟ್ಟಿರೋದು "ತಪ್ಪು ಜಾಗಕ್ಕೆ ಅದು ಹೋಗೋದೇ ಇಲ್ಲ, ಹೆದರ್ಬೇಡ" ಅಂತ. ರ‍್ಯಾಮ್‌ಗೆ ಕಚ್ಚು ಇದೆ, ಡಿಸ್ಕಿಗೆ ಹಾಕೋ ಸಾಟಾ ಕೇಬಲ್ಲಿಗೆ ಎಲ್ ಆಕಾರ ಇದೆ, ಹೋಯ್ತು ಅಂದ್ರೆ ಸರಿ. ಈ ನಂಬಿಕೆ ಎಲ್ಲಾ ಕಡೆ ನಡೆಯುತ್ತೆ, ಅತಿ ಹೆಚ್ಚು ಕರೆಂಟ್ ಹರಿಯೋ ಪವರ್ ಕೇಬಲ್ ಹತ್ರ ಬಂದಾಗ ಮಾತ್ರ ಕೈ ಕೊಡುತ್ತೆ. ಆಮೇಲೆ ಏನಾದ್ರೂ ಸುಟ್ಟೋದ್ರೆ "ಯೂಸರ್ ಎರರ್", ಅಂದ್ರೆ ಬಳಸಿದೋನ ತಪ್ಪು ಅಂತ ಒಂದು ಠಸ್ಸೆ ಒತ್ತಿ ಕಳಿಸ್ತಾರೆ.

ಇದನ್ನ ನಾನೂ ಅನುಭವಿಸಿದೀನಿ, ಹೇಳ್ಕೊಳೋಕೆ ನಾಚಿಕೆ, ಆದ್ರೂ ಹೇಳ್ತೀನಿ. ಕೆಲವು ವರ್ಷದ ಹಿಂದೆ ಪವರ್ ಸಪ್ಲೈ ಬದಲಾಯಿಸ್ದೆ, ಮಾಡ್ಯುಲರ್ ತರದ್ದು, ಅಂದ್ರೆ ಕೇಬಲ್‌ಗಳು ಎರಡೂ ತುದಿಯಲ್ಲಿ ಕಳಚೋವು. ಹಳೇ ಕೇಬಲ್‌ಗಳನ್ನ ಹಿಂದುಗಡೆಯಿಂದ ಎಷ್ಟು ನೀಟಾಗಿ ಟೈ ಹಾಕಿ ಕಟ್ಟಿದ್ದೆ ಅಂದ್ರೆ ಬಿಚ್ಚೋಕೆ ಸೋಮಾರಿತನ, ಹೊಸ ಡಬ್ಬಿಗೆ ಹಳೇ ಕೇಬಲ್ಲೇ ಚುಚ್ಚಿದೆ, ಎಲ್ಲಾ ಸಲೀಸಾಗಿ ಹೋಯ್ತು, ಕ್ಲಿಕ್ ಕ್ಲಿಕ್ ಅಂತ ಕೂತ್ಕೊಳ್ತು. ಆನ್ ಮಾಡಿದ್ದೇ ಟಕ್ ಅಂತ ಒಂದು ಸದ್ದು, ಆಮೇಲೆ ಸುಟ್ಟ ಪ್ಲಾಸ್ಟಿಕ್ ವಾಸನೆ. ಒಂದು ಎಸ್‌ಎಸ್‌ಡಿ, ಒಂದು ಹಾರ್ಡ್‌ಡಿಸ್ಕ್, ಎರಡೂ ಹರಿ ಓಂ. ಗ್ರಾಫಿಕ್ಸ್ ಕಾರ್ಡ್ ಬಚಾವಾಗಿದ್ದು ನನ್ನ ಜಾಣತನದಿಂದಲ್ಲ, ಅದು ಇನ್ನೂ ಮೇಜಿನ ಮೇಲಿತ್ತು ಅಷ್ಟೇ. ಕಾರಣ ಆಮೇಲೆ ತಿಳೀತು. ಕಾರ್ಡಿನ ಕಡೆ, ಡಿಸ್ಕಿನ ಕಡೆ ಕನೆಕ್ಟರ್‌ಗೆ ನಿಯಮ ಇದೆ, ಪವರ್ ಸಪ್ಲೈ ಕಡೆ ತುದಿಗೆ ಯಾವ ನಿಯಮಾನೂ ಇಲ್ಲ. ಯಾವ ತೂತಲ್ಲಿ 12 ವೋಲ್ಟ್ ಬರ್ಬೇಕು, ಯಾವುದ್ರಲ್ಲಿ ಗ್ರೌಂಡ್, ಅದು ತಯಾರಕರ ಇಷ್ಟ, ಒಂದೇ ಕಂಪನಿಯ ಎರಡು ಮಾಡೆಲ್‌ಗೂ ಬೇರೆ ಇರಬಹುದು. ಆಕಾರ ಮಾತ್ರ ಒಂದೇ!

ಸರಿ, ಗ್ರಾಫಿಕ್ಸ್ ಕಾರ್ಡಿಗೆ ಬರೋಣ. ಮದರ್‌ಬೋರ್ಡ್ ಸ್ಲಾಟಿಂದ ಅದಕ್ಕೆ ಸಿಗೋದು 75 ವ್ಯಾಟ್. 6 ಪಿನ್ ಕೇಬಲ್ ಇನ್ನೊಂದು 75, 8 ಪಿನ್ ಆದ್ರೆ 150. ತಮಾಷೆ ಏನಂದ್ರೆ ಆ ಹೆಚ್ಚಿನ ಎರಡು ಪಿನ್ 12 ವೋಲ್ಟ್ ತರೋದೇ ಇಲ್ಲ, ಎರಡೂ ಗ್ರೌಂಡಿಗೆ ಸೇರಿದವು, ಅದರಲ್ಲಿ ಒಂದರ ಕೆಲಸ "ನಾನು ಎಂಟರ ಕೇಬಲ್ಲು, ಧಾರಾಳವಾಗಿ ಎಳ್ಕೋ" ಅಂತ ಕಾರ್ಡಿಗೆ ಸಿಗ್ನಲ್ ಕೊಡೋದು. ಲೆಕ್ಕ ಹಾಕಿ, 150 ವ್ಯಾಟ್ ಅಂದ್ರೆ ಹನ್ನೆರಡೂವರೆ ಆಂಪಿಯರ್, ಮೂರು ಪಿನ್ನಿಗೆ ಹಂಚಿದ್ರೆ ಒಂದೊಂದಕ್ಕೆ ನಾಲ್ಕು ಚಿಲ್ಲರೆ. ಆ ಪಿನ್ನು ಅದಕ್ಕಿಂತ ಎಷ್ಟೋ ಹೆಚ್ಚು ತಡ್ಕೊಳುತ್ತೆ. ಅದಕ್ಕೇ ಹಳೇ 8 ಪಿನ್ನು ನಮ್ಮ ನೂರಾರು ತಪ್ಪನ್ನ ಹೊಟ್ಟೆಗೆ ಹಾಕ್ಕೊಂಡಿದ್ದು. ಒಂದೇ ಕೇಬಲ್ಲಿಗೆ ಎರಡು ತಲೆ ಇರುತ್ತಲ್ಲ, ದೊಡ್ಡ ಕಾರ್ಡಿಗೆ ಎರಡನ್ನೂ ಅದರಿಂದಲೇ ಕೊಟ್ಟು ಬಿಡೋರು ಎಷ್ಟು ಜನ, ನಡೀತಿತ್ತು. ನಾನಂತೂ 300 ವ್ಯಾಟ್ ಆಸುಪಾಸಿನ ಕಾರ್ಡಿಗೆ ಎರಡು ಬೇರೆ ಬೇರೆ ಕೇಬಲ್ಲೇ ಎಳೀತೀನಿ, ನೋಡೋಕೆ ಗಲೀಜಾದ್ರೂ ಪರವಾಗಿಲ್ಲ. ಸಾಟಾದಿಂದ 6 ಪಿನ್ ಮಾಡೋ ಅಡಾಪ್ಟರ್ ಅಂತೂ ಕಂಡ್ರೆ ಕಸದ ಬುಟ್ಟಿಗೆ ಹಾಕಿ, ಸಾಟಾ ಕನೆಕ್ಟರ್‌ನ 12 ವೋಲ್ಟ್ ಪಿನ್‌ಗಳ ಮಿತಿಯೇ 54 ವ್ಯಾಟ್, ಅದಕ್ಕೆ 75ರ ಹೊರೆ ಹೊರಿಸ್ತಾರೆ.

ಆಮೇಲೆ ಬಂತಲ್ಲ ಗ್ರಾಫಿಕ್ಸ್ ಕಾರ್ಡಿಗೆ ಹೊಸ ಕನೆಕ್ಟರು, 12ವಿಎಚ್‌ಪಿಡಬ್ಲ್ಯೂಆರ್, ಹೆಸರು ಹೇಳೋಕೆ ನಾಲಿಗೆ ಹೊರಳಲ್ಲ. ಚಿಕ್ಕದಾಗಿರುತ್ತೆ, 12 ಪವರ್ ಪಿನ್ನು, ಮೇಲೆ ನಾಲ್ಕು ಪುಟಾಣಿ ಸಿಗ್ನಲ್ ಪಿನ್ನು, ಒಂದೇ ಕನೆಕ್ಟರಲ್ಲಿ 600 ವ್ಯಾಟ್ ತನಕ. ಮತ್ತೆ ಲೆಕ್ಕ ಹಾಕಿ, 600 ಅಂದ್ರೆ 50 ಆಂಪಿಯರ್, 12 ವೋಲ್ಟಿನ ಪಿನ್ ಆರು, ಒಂದೊಂದಕ್ಕೆ 8.3 ಆಂಪಿಯರ್. ಪಿನ್ನಿನ ತಾಳಿಕೆ 9.5. ಎಲ್ಲಾ ಸರಿ ಇದ್ದಾಗಲೇ ಉಳಿದ ಜಾಗ ಅಷ್ಟು! ಆರು ಜನ ಹೊರೆ ಹೊತ್ತಿದಾರೆ ಅನ್ಕೊಳಿ, ಇಬ್ಬರ ಹೆಗಲು ಸರಿಯಾಗಿ ತಾಗಿಲ್ಲ ಅಂದ್ರೆ ಆ ಭಾರ ಉಳಿದ ನಾಲ್ವರ ಮೇಲೆ. ಕರೆಂಟೂ ಅಷ್ಟೇ, ಯಾವ ಪಿನ್ ಗಟ್ಟಿಯಾಗಿ ತಾಗಿದೆಯೋ ಅದ್ರಲ್ಲೇ ಜಾಸ್ತಿ ಹರಿಯುತ್ತೆ, ಮತ್ತೆ ಕರೆಂಟ್ ಎರಡರಷ್ಟಾದ್ರೆ ಬಿಸಿ ನಾಲ್ಕರಷ್ಟು.

2022ರ ಅಕ್ಟೋಬರಲ್ಲಿ ಎನ್ವಿಡಿಯಾ ಕಂಪನಿಯ 450 ವ್ಯಾಟಿನ ಗ್ರಾಫಿಕ್ಸ್ ಕಾರ್ಡು ಆರ್‌ಟಿಎಕ್ಸ್ 4090 ಬಂತು, ಅದೇ ತಿಂಗಳು ಕರಗಿದ ಕನೆಕ್ಟರ್ ಫೋಟೋಗಳೂ ಬಂದ್ವು. ನವೆಂಬರಲ್ಲಿ ಎನ್ವಿಡಿಯಾ ಹೇಳಿದ್ದು, ಪ್ರಪಂಚದಾದ್ಯಂತ ಸುಮಾರು 50 ಪ್ರಕರಣ, ಕನೆಕ್ಟರ್ ಪೂರ್ತಿ ಒಳಗೆ ಹೋಗಿಲ್ಲದೇ ಇರೋದು ಸಾಮಾನ್ಯವಾಗಿ ಕಂಡ ತೊಂದರೆ ಅಂತ. ಸುಳ್ಳು ಅಂತ ನಾನು ಹೇಳಲ್ಲ. ಆದ್ರೆ ಅರ್ಧ ಕೂತಿದ್ರೂ ಕಂಪ್ಯೂಟರ್ ಆನ್ ಆಗುತ್ತೆ, ಗೇಮ್ ಓಡುತ್ತೆ, ಎಲ್ಲೂ ಒಂದು ಎಚ್ಚರಿಕೆ ಬರಲ್ಲ ಅಂದ್ರೆ ಅದಕ್ಕೆ ಬರೀ ಯೂಸರ್ ಎರರ್ ಅನ್ನೋದು ಯಾವ ನ್ಯಾಯ ರೀ? ಕನೆಕ್ಟರ್‌ಗೆ ನಿಯಮ ಮಾಡೋರೇ ಒಪ್ಪಿದ ಹಾಗಾಯ್ತಲ್ಲ, 2023ರಲ್ಲಿ 12ವಿ-2ಎಕ್ಸ್6 ಅಂತ ತಿದ್ದುಪಡಿ ತಂದ್ರು, ಸಿಗ್ನಲ್ ಪಿನ್ ಗಿಡ್ಡ ಮಾಡಿದ್ರು, ಪವರ್ ಪಿನ್ ಸ್ವಲ್ಪ ಉದ್ದ ಮಾಡಿದ್ರು, ಪೂರ್ತಿ ಕೂರದಿದ್ರೆ ಕಾರ್ಡ್ ಪವರ್ ಎಳೀಬಾರ್ದು ಅಂತ. ಈ ಬುದ್ಧಿ ಮೊದಲೇ ಇರ್ಬೇಕಿತ್ತು. ಅಷ್ಟಾದ್ರೂ 2025ರಲ್ಲಿ 575 ವ್ಯಾಟಿನ 5090 ಬಂದ್ಮೇಲೆ ಮತ್ತೆ ಕರಗಿದ ಫೋಟೋ ನೋಡಿದ್ವಿ, ಪಿನ್ ಉದ್ದ ತಿದ್ದಿದ್ರು, 9.5ರ ಲೆಕ್ಕ ಮಾತ್ರ ಹಾಗೇ ಬಿಟ್ರು.

ಹುಡುಗನ ಕಾರ್ಡಿಗೆ ಪುಣ್ಯಕ್ಕೆ ಎರಡು 8 ಪಿನ್ನೇ ಇದ್ದಿದ್ದು. ಸರಿಯಾದ ಕೇಬಲ್ ಹುಡುಕಿಸ್ದೆ, ಆರು ಮತ್ತು ಎರಡನ್ನ ಪಕ್ಕದ ಕೊಕ್ಕೆಗೆ ಸಿಗಿಸಿ ಒಂದು ಮಾಡಿಸ್ದೆ, ಇಲ್ಲಾಂದ್ರೆ ಆ ಎರಡು ಪಿನ್ ಹಿಂದಕ್ಕೆ ಜಾರ್ಕೊಂಡು ಉಳಿದು ಬಿಡುತ್ತೆ. ಒಂದು ಕೈ ಕಾರ್ಡಿನ ಕೆಳಗೆ ಆಧಾರ, ಇನ್ನೊಂದು ಕೈಯಲ್ಲಿ ನೇರ ಒತ್ತೋದು, ಅಲ್ಲಾಡಿಸಬಾರದು. ಮೊದಲನೇದು ಕ್ಲಿಕ್ ಅಂತು, ಫೋನಲ್ಲೂ ಕೇಳಿಸ್ತು. ಎರಡನೇದಕ್ಕೆ ಸದ್ದು ಬರ್ಲಿಲ್ಲ, "ಬಂತು ಮಾಮ" ಅಂದ. ನಂಬಲಿಲ್ಲ ನಾನು, ಹಗುರವಾಗಿ ಎಳೆದು ನೋಡು ಅಂದೆ, ಎಳೆದ್ರೆ ಕೈಗೇ ಬಂತು. ಕ್ಲಿಪ್ಪಿನ ಹಲ್ಲು ಅಂಚಿನ ಮೇಲೆ ಕೂತಿತ್ತು, ಒಳಗೆ ಬಿದ್ದಿರ್ಲಿಲ್ಲ. ಮತ್ತೆ ಹಾಕಿಸಿ, ಪಕ್ಕದಿಂದ ಟಾರ್ಚ್ ಬಿಡಿಸಿ, ಸಂದಿ ಇಲ್ಲ ಅಂತ ನೋಡಿದ್ಮೇಲೇ ಆನ್ ಮಾಡಿಸಿದ್ದು.

ಹನ್ನೆರಡು ಹೊಡೀತು ಅಷ್ಟರಲ್ಲಿ. ಫೋನ್ ಇಡೋ ಮುಂಚೆ "ಮಾಮ, ಮಿಕ್ಕಿರೋ ಕೇಬಲ್ ಎಲ್ಲಾ ಹಳೇ ವೈರ್ ಡಬ್ಬಿಗೆ ಹಾಕ್ಲಾ?" ಅಂದ. ಬೇಡಪ್ಪ, ಬೇರೆ ಕವರಿಗೆ ಹಾಕಿ ಮೇಲೆ ಪವರ್ ಸಪ್ಲೈ ಮಾಡೆಲ್ ನಂಬರ್ ಪೂರ್ತಿ ಬರಿ ಅಂದೆ. ಬೆಳಗ್ಗೆ ಆ ಕವರಿನ ಫೋಟೋ ಕಳಿಸಿದಾನೆ, ಮಾಡೆಲ್ ನಂಬರ್ ಕೆಳಗೆ ಕೆಂಪು ಪೆನ್ನಲ್ಲಿ ಇನ್ನೊಂದು ಸಾಲು: "ಬೇರೆದಕ್ಕೆ ಕೂತ್ರೂ ಹಾಕಬಾರ್ದು."