ಪರ–ವಿರೋಧ: ಪ್ರತಿ ಮಸೂದೆಯೂ ಸಂಸದೀಯ ಸಮಿತಿಯ ಮುಂದೆ ಹೋಗಲೇಬೇಕೇ?

ಪರ
(ನಿವೃತ್ತ ರಾಜ್ಯಶಾಸ್ತ್ರ ಉಪನ್ಯಾಸಕರು, ಕೊಪ್ಪಳ)

ಹೋಗಲೇಬೇಕು. ನಮ್ಮ ಭಾಗದ ಯಾವ ಮನೆಯಲ್ಲಿ ಮಕ್ಕಳು ಸರ್ಕಾರಿ ನೌಕರಿಗೆ ಅರ್ಜಿ ತುಂಬಲು ಕುಳಿತರೂ 371(ಜೆ) ಪ್ರಮಾಣಪತ್ರದ ಮಾತು ಬಂದೇ ಬರುತ್ತದೆ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ನೀಡುವ ಸಂವಿಧಾನದ ಆ ವಿಧಿಯನ್ನು ಕೊಟ್ಟ ತಿದ್ದುಪಡಿ ಮಸೂದೆ 2012ರ ಸೆಪ್ಟೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾಗಿ, ಗೃಹ ಖಾತೆಯ ಸ್ಥಾಯಿ ಸಮಿತಿಗೆ ಹೋಯಿತು. ಸಮಿತಿಯ ಅಧ್ಯಕ್ಷರಾಗಿದ್ದವರು ಆಗ ವಿರೋಧ ಪಕ್ಷದಲ್ಲಿದ್ದ, ಕರ್ನಾಟಕದಿಂದಲೇ ರಾಜ್ಯಸಭೆಗೆ ಆಯ್ಕೆಯಾಗಿದ್ದ ಎಂ. ವೆಂಕಯ್ಯ ನಾಯ್ಡು. ಅದೇ ಡಿಸೆಂಬರ್‌ನಲ್ಲಿ ಎರಡೂ ಸದನಗಳು ಮಸೂದೆಯನ್ನು ಒಪ್ಪಿದವು. ಎಣಿಸಿದರೆ ನಾಲ್ಕು ತಿಂಗಳಾಗಲಿಲ್ಲ. ಸಮಿತಿಗೆ ಕಳುಹಿಸಿದರೆ ತಡವಾಗುತ್ತದೆ ಎಂದು ಹೇಳುವವರು ಈ ತಿಂಗಳುಗಳನ್ನು ಒಮ್ಮೆ ಬೆರಳು ಮಡಿಚಿ ಎಣಿಸಬೇಕು.

ಇಲಾಖಾವಾರು ಸ್ಥಾಯಿ ಸಮಿತಿಗಳು 1993ರಲ್ಲಿ ಹದಿನೇಳಿದ್ದವು, 2004ರಲ್ಲಿ ಇಪ್ಪತ್ನಾಲ್ಕಾದವು. ಒಂದೊಂದರಲ್ಲೂ ಲೋಕಸಭೆಯ 21 ಮತ್ತು ರಾಜ್ಯಸಭೆಯ 10 ಸದಸ್ಯರಿರುತ್ತಾರೆ. ಮಂತ್ರಿಗಳಿಗೆ ಅಲ್ಲಿ ಜಾಗವಿಲ್ಲ. ಸದನದಲ್ಲಿ ಪಕ್ಷದ ವಿಪ್‌ಗೆ ಕೈ ಎತ್ತುವ ಸದಸ್ಯನೇ ಸಮಿತಿಯ ಕೋಣೆಯಲ್ಲಿ ತನ್ನದೇ ಸರ್ಕಾರದ ಕಾರ್ಯದರ್ಶಿಯನ್ನು ಎದುರಿಗೆ ಕೂರಿಸಿಕೊಂಡು, ಈ ಕಲಮು ಏಕೆ ಬೇಕು, ಇದರ ಹಣ ಎಲ್ಲಿಂದ ಬರುತ್ತದೆ ಎಂದು ಕೇಳಬಲ್ಲ. ಆದರೆ ಮಸೂದೆಯನ್ನು ಸಮಿತಿಗೆ ಒಪ್ಪಿಸುವುದು ಇಂದಿಗೂ ಕಡ್ಡಾಯವಲ್ಲ. ಸಂಸತ್ತಿನ ಕಲಾಪಗಳನ್ನು ಅಧ್ಯಯನ ಮಾಡುವ ಪಿಆರ್‌ಎಸ್ ಸಂಸ್ಥೆಯ ಲೆಕ್ಕದಂತೆ ಹದಿನೈದನೆಯ ಲೋಕಸಭೆಯಲ್ಲಿ ಶೇ 71ರಷ್ಟು ಮಸೂದೆಗಳು ಸಮಿತಿಗಳಿಗೆ ಹೋಗಿದ್ದವು, ಹದಿನೇಳನೆಯದರಲ್ಲಿ ಹೋದವು ಶೇ 16 ಮಾತ್ರ.

2020ರ ಸೆಪ್ಟೆಂಬರ್‌ನಲ್ಲಿ ಮೂರು ಕೃಷಿ ಮಸೂದೆಗಳನ್ನು ಸಂಸತ್ತು ಒಪ್ಪಿದಾಗ ನಾನು ಕಾರಟಗಿಯಲ್ಲಿದ್ದೆ. ಅಕ್ಕಿ ಗಿರಣಿಯ ಅಂಗಳದಲ್ಲಿ ನನ್ನ ಸೋದರಳಿಯ, ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವವನು, ಕೈಯಲ್ಲಿ ಪತ್ರಿಕೆ ಹಿಡಿದು, ‘ಮಾವಾ, ಈ ಮೂರು ಕಾಯ್ದೆಯಿಂದ ನಮಗ ಒಳ್ಳೇದೋ ಕೆಟ್ಟದ್ದೋ?’ ಎಂದು ಕೇಳಿದ. ಅಷ್ಟು ವರ್ಷ ಸಂಸತ್ತಿನ ಪಾಠ ಹೇಳಿದ ನನ್ನಲ್ಲಿ ಉತ್ತರವಿರಲಿಲ್ಲ. ಪಕ್ಕದಲ್ಲಿದ್ದ ಗಿರಣಿಯ ಮಾಲೀಕರಿಗೂ, ಹಮಾಲರಿಗೂ ತಿಳಿದಿರಲಿಲ್ಲ. ಆ ಮಸೂದೆಗಳು ಸಮಿತಿಗೆ ಹೋಗಿದ್ದರೆ ಇಂಥ ನಾಲ್ವರನ್ನು ಕರೆದು ಕೇಳಬಹುದಿತ್ತು, ಅವರ ಮಾತು ವರದಿಯಲ್ಲಿ ಅಚ್ಚಾಗಬಹುದಿತ್ತು. ಅದಾಗಲಿಲ್ಲ. ರೈತರು ವರ್ಷದ ಮೇಲೆ ದೆಹಲಿಯ ಗಡಿಯಲ್ಲಿ ಕುಳಿತರು, 2021ರ ನವೆಂಬರ್‌ನಲ್ಲಿ ಸಂಸತ್ತೇ ಮೂರೂ ಕಾಯ್ದೆಗಳನ್ನು ರದ್ದು ಮಾಡಿತು. ಉಳಿದ ಸಮಯವೆಷ್ಟು, ಕಳೆದುಹೋದ ಸಮಯವೆಷ್ಟು?

ಕಡ್ಡಾಯದ ಜೊತೆಗೇ ಆಗಬೇಕಾದ ಇನ್ನೊಂದು ಸುಧಾರಣೆಯಿದೆ. ಈ ಸಮಿತಿಗಳ ಅವಧಿ ಒಂದೇ ವರ್ಷ. ತುಂಗಭದ್ರೆಯ ನೀರು ಹಂಚಿಕೆಯ ಲೆಕ್ಕ ತಲೆಗೆ ಹತ್ತಬೇಕಾದರೇ ಒಬ್ಬ ಸದಸ್ಯನಿಗೆ ಒಂದು ಮುಂಗಾರು, ಒಂದು ಹಿಂಗಾರು ಬೇಕು. ಅಷ್ಟರಲ್ಲಿ ಸಮಿತಿಯೇ ಬದಲಾಗಿರುತ್ತದೆ. ಅವಧಿ ಲೋಕಸಭೆಯಷ್ಟೇ ಇರಲಿ. ಸಂವಿಧಾನದ ಕಾರ್ಯನಿರ್ವಹಣೆಯನ್ನು ಪರಿಶೀಲಿಸಿದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅವರ ಆಯೋಗ 2002ರಲ್ಲೇ ಸಂವಿಧಾನ, ರಾಷ್ಟ್ರೀಯ ಆರ್ಥಿಕತೆ, ಶಾಸನರಚನೆ ಎಂದು ಮೂರು ಹೊಸ ಸಮಿತಿಗಳನ್ನು ಸೂಚಿಸಿತ್ತು. ತಡವಾಗುತ್ತದೆ ಎಂಬ ನೆಪದವರು ಆ ವರದಿಯನ್ನೂ ಓದುವುದಿಲ್ಲ; ಓದಲು ಸಮಯ ಹಿಡಿಯುತ್ತದೆಯಲ್ಲ!

ವಿರೋಧ
(ವಕೀಲರು, ಬಳ್ಳಾರಿ)

ವಿರೋಧದ ಪಕ್ಷ ವಹಿಸಿ ಬರೆಯಬೇಕೆಂದು ನನ್ನನ್ನು ಕೇಳಿದ್ದಾರೆ. ಬಂದ ವಕಾಲತ್ತನ್ನು ಹಿಂದಿರುಗಿಸುವುದು ವೃತ್ತಿಗೆ ತಕ್ಕುದಲ್ಲ. ಸಮಿತಿಗಳು ಬೇಡವೆಂದು ನಾನೂ ಹೇಳುವುದಿಲ್ಲ. ‘ಪ್ರತಿ’ ಮತ್ತು ‘ಕಡ್ಡಾಯ’ ಎಂಬ ಎರಡು ಪದಗಳಿಗಷ್ಟೇ ನನ್ನ ತಕರಾರು. ಬಳಕೆ ತಪ್ಪಿದ ಹಳೆಯ ಕಾಯ್ದೆಗಳನ್ನು ಕೈಬಿಡಲು ಆಗಾಗ ಒಂದು ಮಸೂದೆ ಬರುತ್ತದೆ. ಸತ್ತ ಕಾಯ್ದೆಗಳ ಆ ಪಟ್ಟಿಗೂ 31 ಮಂದಿ ಕುಳಿತು ಸಾಕ್ಷಿ ಕೇಳಬೇಕೇ?

ಮಹಿಳಾ ಮೀಸಲಾತಿಯನ್ನೇ ನೋಡಿ. 1996ರಲ್ಲಿ ಜಂಟಿ ಸಮಿತಿಗೆ ಹೋಯಿತು, 2008ರ ಮಸೂದೆ ಮತ್ತೆ ಸ್ಥಾಯಿ ಸಮಿತಿಗೆ ಹೋಯಿತು, ಆದರೂ ಕಾನೂನಾಗಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಯಾವ ಸಮಿತಿಯೂ ಇಲ್ಲದೆ ಮೂರು ದಿನಗಳಲ್ಲಿ ಎರಡೂ ಸದನಗಳನ್ನು ದಾಟಿತು. ಅದನ್ನು ಜನಗಣತಿಗೂ ಕ್ಷೇತ್ರ ಮರುವಿಂಗಡಣೆಗೂ ಗಂಟು ಹಾಕಿದ್ದು ಬೇರೆ ಮಾತು.

ಇನ್ನು ನಮ್ಮ ಜಿಲ್ಲೆಗೆ ನೇರವಾಗಿ ತಗಲುವ ಗಣಿ ಕಾಯ್ದೆಯ ತಿದ್ದುಪಡಿ. ಗಣಿಬಾಧಿತರಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನವನ್ನು ತಂದ ಆ ಮಸೂದೆಯನ್ನು 2015ರ ಮಾರ್ಚ್‌ನಲ್ಲಿ ರಾಜ್ಯಸಭೆ ಆಯ್ಕೆ ಸಮಿತಿಗೆ (ಒಂದು ಮಸೂದೆಗೆಂದೇ ರಚಿಸುವ ತಾತ್ಕಾಲಿಕ ಸಮಿತಿಗೆ) ಒಪ್ಪಿಸಿ ಕೊಟ್ಟ ಕಾಲಾವಕಾಶ ಸುಮಾರು ಒಂದು ವಾರ. ಸಂಡೂರಿನ ಕೆಂಪು ದೂಳು ಕುಡಿದವರ ಮಾತು ಒಂದು ವಾರದಲ್ಲಿ ದೆಹಲಿ ಮುಟ್ಟುತ್ತದೆಯೇ? ಕಡ್ಡಾಯ ಮಾಡಿದರೆ ಎಲ್ಲವೂ ಹೀಗೆಯೇ ಶಾಸ್ತ್ರಕ್ಕೆ ನಡೆಯುತ್ತದೆ. ಸಮಿತಿ ಹೇಳಿದ್ದನ್ನು ಸರ್ಕಾರ ಒಪ್ಪಲೇಬೇಕೆಂಬ ನಿಯಮವಂತೂ ಇಲ್ಲ.

ಇಷ್ಟಕ್ಕೂ ಸಮಿತಿಯ ಮೇಲಿನ ನನ್ನ ಅಪನಂಬಿಕೆ ಹುಟ್ಟಿದ್ದು ಸಂಸತ್ತನ್ನು ನೋಡಿ ಅಲ್ಲ. ನಾನು ಸದಸ್ಯನಾಗಿರುವ ಒಂದು ಸಂಘದಲ್ಲಿ ಬೇಸಿಗೆಗೆ ತಣ್ಣೀರಿನ ಯಂತ್ರ ತರಲು ಐವರ ಉಪಸಮಿತಿ ಮಾಡಿದೆವು. ಬಳ್ಳಾರಿಯ ಬೇಸಿಗೆ ಎಂಥದೆಂದು ಬಲ್ಲವರಿಗೆ ಅವಸರ ತಿಳಿದೀತು. ಹನ್ನೊಂದು ಸಭೆಗಳಾದವು, ಹನ್ನೊಂದರಲ್ಲೂ ಮಂಡಾಳ ಒಗ್ಗರಣೆ, ಮಿರ್ಚಿ ಮತ್ತು ಚಹಾ ಸಮಯಕ್ಕೆ ಸರಿಯಾಗಿ ಬಂದವು. ಎರಡು ಬೇಸಿಗೆ ಕಳೆದ ಮೇಲೆ ಬಂದ ವರದಿಯಲ್ಲಿ, ಯಾವ ಯಂತ್ರ ಎಂಬುದನ್ನು ತೀರ್ಮಾನಿಸಲು ತಾಂತ್ರಿಕ ಸಮಿತಿಯೊಂದು ಅಗತ್ಯವೆಂದು ಬರೆದಿತ್ತು. ಆ ಸಮಿತಿಗೂ ನನ್ನ ಹೆಸರನ್ನೇ ಸೂಚಿಸಿದರು, ನಾನೂ ಒಪ್ಪಿಕೊಂಡೆ. ಕಾವಲುಗಾರ ಮಾತ್ರ ಯಾರನ್ನೂ ಕೇಳದೆ ಬೇವಿನ ಮರದ ಬುಡದಲ್ಲಿ ಮಣ್ಣಿನ ಹರವಿಯೊಂದನ್ನು ತಂದಿಟ್ಟ. ನಾವೆಲ್ಲ ಈಗಲೂ ಅದರ ನೀರನ್ನೇ ಕುಡಿಯುತ್ತಿದ್ದೇವೆ.