ಸರ್ಕಾರಕ್ಕೆ ಬೈಟು ಉಂಟು, ನಮ್ಮ ಕಾಫಿಗೆ ಇಲ್ಲ

ಖಾಲಿ ಲೋಟಕ್ಕೆ 5 ರೂಪಾಯಿ. ತಪ್ಪು ಓದಿಲ್ಲ ನೀವು. ಕಾಫಿಗಲ್ಲ, ಖಾಲಿ ಲೋಟಕ್ಕೆ. ಲೋಟ ಅಂದರೆ ಸ್ಟೀಲಿನದೂ ಅಲ್ಲ, ಬೆರಳು ಸುಡುವ ಆ ಪೇಪರ್ ಕಪ್ಪು.

ಇವತ್ತು ಬೆಳಿಗ್ಗೆ ನಮ್ಮ ಶನಿವಾರದ ಗುಂಪು ಸೇರಿತ್ತು. ಯಾವ ಗುಂಪು ಅಂತ ಹೇಳಬೇಕಾಗಿಲ್ಲ, ಫೋಟೊ ಹಾಕಿ ಹಾಕಿ ನಿಮ್ಮ ತಲೆ ತಿಂದಿದ್ದೇನೆ. ತಿಪಟೂರಿನವಳು, ಹಾಸನದವನು, ಬ್ಯಾಂಕಿನ ಹಳೇ ಬ್ರಾಂಚಿನ ಇಬ್ಬರು, ನಾನು. ಜಯನಗರದ ಕಡೆ ನಾವು ವರ್ಷಗಳಿಂದ ಹೋಗುವ ಹೋಟೆಲು. ಹೆಸರು ಹಾಕುವುದಿಲ್ಲ. ಅಲ್ಲಿನ ಉದ್ದಿನ ವಡೆ ಮೇಲೆ ಇನ್ನೂ ಸ್ವಲ್ಪ ಪ್ರೀತಿ ಉಳಿದಿದೆ. ಮಧ್ಯೆ ಕೆಲವು ತಿಂಗಳು ಬಾಗಿಲು ಹಾಕಿ ರಿನೋವೇಷನ್ ಮಾಡಿದರು. ಗಲ್ಲಾ ಇದ್ದ ಜಾಗದಲ್ಲಿ ಈಗ ಆಳೆತ್ತರದ ಸ್ಕ್ರೀನ್ ನಿಂತಿದೆ. ಅದರ ಮುಂದೆ ನಿಂತು ಒತ್ತಬೇಕು. ಮೊದಲು ಮೊಬೈಲ್ ನಂಬರ್ ಕೇಳುತ್ತದೆ, ಆಮೇಲೆ ಇಡ್ಲಿ ತೋರಿಸುತ್ತದೆ. (ಬಿಲ್ ಮಾಡಲು ಮೊಬೈಲ್ ನಂಬರ್ ಕೊಡಲೇಬೇಕು ಅಂತ ಗ್ರಾಹಕರನ್ನು ಒತ್ತಾಯಿಸಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ವ್ಯಾಪಾರಿಗಳಿಗೆ ಹೇಳಿದೆ. ಸ್ಕ್ರೀನಿಗೆ ಹೇಳುವವರು ಯಾರು?)

ಇಡ್ಲಿ ಸಿಕ್ಕಿತು. ವಡೆ ಸಿಕ್ಕಿತು. ಕಾಫಿಯ ಪುಟಕ್ಕೆ ಬಂದೆ. ರೆಗ್ಯುಲರ್ ಇದೆ, ಲಾರ್ಜ್ ಇದೆ, ಬೆಲ್ಲದ ಕಾಫಿ ಇದೆ, ಹೇಜಲ್‌ನಟ್ ಫಿಲ್ಟರ್ ಕಾಫಿ ಅಂತಲೂ ಒಂದಿದೆ, ದೇವರೇ. ಬೈಟು, ಅಂದರೆ ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿಕೊಡುವ ಒನ್ ಬೈ ಟೂ, ಅದು ಮಾತ್ರ ಇಲ್ಲ. ಮೇಲೆ ಕೆಳಗೆ ಎಲ್ಲ ಒತ್ತಿ ನೋಡಿದೆ. ಹಿಂದೆ ಕ್ಯೂನಲ್ಲಿ ನಿಂತವರು ಗಂಟಲು ಸರಿಮಾಡಿಕೊಳ್ಳಲು ಶುರು ಮಾಡಿದರು. ಪಕ್ಕದಲ್ಲಿ ಯೂನಿಫಾರ್ಮ್ ಹಾಕಿ ನಿಂತಿದ್ದ ಹುಡುಗನನ್ನು ಕೇಳಿದೆ.

"ಸಿಸ್ಟಮ್‌ನಲ್ಲಿ ಇಲ್ಲ ಮೇಡಂ."

"ಸಿಸ್ಟಮ್ ಇರಲಿ ಬಿಡಪ್ಪ. ಒಳಗೆ ಕಾಫಿ ಹಾಕೋರು ಇದಾರಲ್ಲ, ಮೂರು ಕಾಫಿ ಐದು ಲೋಟಕ್ಕೆ ಹಾಕಿಕೊಡೋಕೆ ಹೇಳು."

"ಹಾಗೆ ಬರಲ್ಲ ಮೇಡಂ. ಎಕ್ಸ್‌ಟ್ರಾ ಕಪ್ ತಗೊಳ್ಳಿ. ಫೈವ್ ರುಪೀಸ್."

ಹುಡುಗನ ಮೇಲೆ ನನಗೆ ಕೋಪ ಇಲ್ಲ. ಪಾಪ, ಅವನಿಗೇ ಮುಜುಗರ ಆಗಿತ್ತು. ಕೋಪ ಇರುವುದು ಆ ಸ್ಕ್ರೀನಿಗೆ ಏನೇನು ತುಂಬಬೇಕು ಅಂತ ಎಸಿ ರೂಮಿನಲ್ಲಿ ಕೂತು ತೀರ್ಮಾನ ಮಾಡಿದವರ ಮೇಲೆ. ಹೇಜಲ್‌ನಟ್ ನೆನಪಾಯಿತು, ಬೈಟು ನೆನಪಾಗಲಿಲ್ಲ. ಬೆಂಗಳೂರಿನಲ್ಲಿ ಹೋಟೆಲ್ ಇಟ್ಟು ಬೈಟು ಮರೆಯುವುದು ಹೇಗೆ ಸಾಧ್ಯ ಹೇಳಿ?

ಬೋರ್ಡಿನಲ್ಲಿ ಬರೆದಿರಲಿ, ಬರೆಯದಿರಲಿ, ಬೈಟು ಸಿಗುತ್ತಿತ್ತು. ಇದೇ ಹೋಟೆಲಿನಲ್ಲಿ ಮೊದಲು ಕುಂದಾಪುರದ ಕಡೆಯ ಒಬ್ಬ ಸಪ್ಲೈಯರ್ ಇದ್ದರು. "ಎರಡು ಬೈಟು" ಅಂದರೆ ಎರಡು ಲೋಟವೋ ನಾಲ್ಕು ಲೋಟವೋ ಅಂತ ಅವರು ಕೇಳಿದ್ದೇ ಇಲ್ಲ. ಮೇಜಿನ ಸುತ್ತ ಕಣ್ಣಾಡಿಸಿ ತಲೆ ಎಣಿಸುತ್ತಿದ್ದರು, ಅಷ್ಟೇ. ಐದು ಜನ ಕೂತು ಎರಡು ಬೈಟು ಹೇಳಿದರೆ "ಅಮ್ಮಾ, ಇನ್ನೊಬ್ಬರಿಗೆ?" ಅಂತ ಅವರೇ ನೆನಪಿಸುತ್ತಿದ್ದರು. ಆ ಇನ್ನೊಬ್ಬ ಯಾವಾಗಲೂ ಹಾಸನದವನು. ಅವನಿಗೆ ಪೂರ್ತಿ ಬೇಕು, ಸಕ್ಕರೆ ಬೇರೆ. ತಿಪಟೂರಿನವಳಿಗೆ ಲೈಟು. ನನಗೆ ಸ್ಟ್ರಾಂಗು. ನಾವಿಬ್ಬರೂ ಒಂದೇ ಕಾಫಿಯ ಎರಡು ಪಾಲು. ಆದರೂ ಅವಳ ಲೋಟ ಬಿಳಿಚಿಕೊಂಡು ಬರುತ್ತಿತ್ತು, ನನ್ನದು ಕಂದು. ಫಿಲ್ಟರ್ ಕಾಫಿಯ ಅನುಕೂಲವೇ ಅದು. ಡಿಕಾಕ್ಷನ್ ಬೇರೆ, ಹಾಲು ಬೇರೆ. ಲೋಟಕ್ಕೆ ಬಿದ್ದ ಮೇಲೇ ಕಾಫಿ ಆಗೋದು. ಹಾಗಾಗಿ ಹೇಗೆ ಬೇಕಾದರೂ ಪಾಲು ಮಾಡಬಹುದು. ಅರ್ಧ ಅನ್ನುವುದೂ ಹೆಸರಿಗಷ್ಟೇ. ಎರಡು ಲೋಟ ಸೇರಿಸಿದರೆ ಒಂದು ಗುಟುಕು ಜಾಸ್ತಿಯೇ ಇರುತ್ತಿತ್ತು. ಈ ಲೆಕ್ಕ ಯಾವ ಸಾಫ್ಟ್‌ವೇರಿಗೆ ಬರಬೇಕು?

ಬಿಲ್ ಬಂತು. ಮೊಬೈಲಿಗೆ ಬಂತು, ಕಾಗದ ಇಲ್ಲ, ಪರಿಸರವಂತೆ. (ಪೇಪರ್ ಕಪ್ಪಿಗೆ ಪರಿಸರ ಅಡ್ಡ ಬರಲಿಲ್ಲ.) ಸುಮ್ನೆ ಓದುತ್ತಾ ಹೋದೆ. ಬ್ಯಾಂಕಿನವಳು ನಾನು, ಅಂಕಿ ಕಂಡರೆ ಓದದೆ ಬಿಡಲಾರೆ. ಹೋಟೆಲ್ ತಿಂಡಿಗೆ 2017ರ ನವೆಂಬರಿನಿಂದ ಜಿಎಸ್‌ಟಿ ಶೇ 5, ಅದು ನಿಮಗೂ ಗೊತ್ತು. ಬಿಲ್ಲಿನಲ್ಲಿ ಅದನ್ನು ಹೇಗೆ ಹಾಕುತ್ತಾರೆ? ಸಿಜಿಎಸ್‌ಟಿ ಶೇ 2.5, ಎಸ್‌ಜಿಎಸ್‌ಟಿ ಶೇ 2.5. ಅಂದರೆ ದೆಹಲಿಯವರೂ ವಿಧಾನಸೌಧದವರೂ ನಮ್ಮ ತಿಂಡಿ ಮೇಲೆ ನೀಟಾಗಿ ಬೈಟು ಮಾಡಿಕೊಂಡಿದ್ದಾರೆ! ಅದಕ್ಕೆ ಸಿಸ್ಟಮ್‌ನಲ್ಲಿ ಜಾಗ ಇದೆ. ಪೈಸೆ ಲೆಕ್ಕದಲ್ಲಿ ಇದೆ. ದುಡ್ಡು ಕೊಟ್ಟು ಕುಡಿಯುವ ನಮಗೆ ಇಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಹಳೇ ಬ್ರಾಂಚಿನವನೊಬ್ಬ ಬಿಲ್ ಕಟ್ಟಿ, ಅಲ್ಲೇ ಕೂತು ಮೊಬೈಲಿನಲ್ಲಿ ಒಟ್ಟು ಮೊತ್ತವನ್ನು ಐದು ಭಾಗ ಮಾಡಿದ. ಕೈ ತೊಳೆದು ಬರುವಷ್ಟರಲ್ಲಿ ಎಲ್ಲರ ಮೊಬೈಲಿಗೂ ಅವರವರ ಪಾಲಿನ ಲೆಕ್ಕ ಬಂದು ಬಿದ್ದಿತ್ತು. ರೂಪಾಯಿ, ಪೈಸೆ ಸಮೇತ. ದುಡ್ಡನ್ನು ಐದು ಪಾಲು ಮಾಡುವ ತಂತ್ರಜ್ಞಾನ ಬಂದಿದೆ, ಕಾಫಿಯನ್ನು ಎರಡು ಪಾಲು ಮಾಡುವ ಕೈ ಹೋಗಿದೆ. ಮೊದಲು ನಮ್ಮಲ್ಲಿ ಈ ವಾರ ಒಬ್ಬರು ಕೊಡೋದು, ಮುಂದಿನ ವಾರ ಇನ್ನೊಬ್ಬರು ಕೊಡೋದು ಅಂತ ಇತ್ತು. ಗಲ್ಲಾದ ಮುಂದೆ "ನಾನ್ ಕೊಡ್ತೀನಿ ಬಿಡೋ" ಅಂತ ಕೈ ಕೈ ಹಿಡಿದು ಎಳೆದಾಡಿ, ಹಿಂದಿನವರ ಹತ್ತಿರ ಬೈಸಿಕೊಂಡು, ಒಂದು ಸಣ್ಣ ನಾಟಕ ನಡೆಯುತ್ತಿತ್ತು. ಅದೂ ಹೋಯಿತು. ಇರಲಿ, ಅದಕ್ಕೆ ಇನ್ನೊಂದು ದಿನ ಬೈಯುತ್ತೇನೆ.

ಈಗ ನನ್ನ ಲಿಸ್ಟಿನಲ್ಲಿರುವ ಹೋಟೆಲ್ ಮಾಲೀಕರು (ಇಬ್ಬರಿದ್ದೀರಿ, ಗೊತ್ತು) ಬಂದು ಖರ್ಚಿನ ಪಟ್ಟಿ ಹಾಕುತ್ತೀರಿ. ನಾನೇ ಹಾಕಿಬಿಡುತ್ತೇನೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಬ್ರೆಜಿಲ್, ವಿಯೆಟ್ನಾಂನಲ್ಲಿ ಬರ ಬಂದು ಕಾಫಿ ಬೀಜದ ರೇಟು ಆ ವರ್ಷದ ಶುರುವಿನಲ್ಲಿ ದಾಖಲೆ ಮುಟ್ಟಿತು. ದೇಶದ ಕಾಫಿಯಲ್ಲಿ ಶೇ 70ರಷ್ಟು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನದಲ್ಲೇ ಬೆಳೆದರೂ ಬ್ರೆಜಿಲಿನಲ್ಲಿ ಮಳೆ ತಪ್ಪಿದರೆ ಜಯನಗರದ ಲೋಟ ತುಟ್ಟಿ. ಬಾಡಿಗೆ, ಗ್ಯಾಸು, ಕೆಲಸಕ್ಕೆ ಜನ ಸಿಗಲ್ಲ, ಒಂದು ಕಾಫಿಗೆ ಎರಡು ಲೋಟ ತೊಳೆಯಬೇಕು. ಎಲ್ಲ ಒಪ್ಪಿದೆ.

ಒಪ್ಪಿದ ಮೇಲೂ ನನ್ನ ಪ್ರಶ್ನೆ ಅಲ್ಲೇ ಇದೆ. ರೇಟು ಏರಿಸಿ, ಬೇಡ ಅಂದವರು ಯಾರು? ಬೈಟುಗೆ ಎರಡು ರೂಪಾಯಿ ಜಾಸ್ತಿ ತಗೊಳ್ಳಿ, ಮೂರು ತಗೊಳ್ಳಿ. ಹಾಗೆ ತಗೊಂಡು ಖುಷಿಯಾಗಿ ಕೊಡುವ ದರ್ಶಿನಿಗಳು ಈಗಲೂ ಇವೆ. ಲೋಟ ತೊಳೆಯುವುದೇ ಕಷ್ಟ ಅಂದರೆ, ನೀವೀಗ ಲೋಟ ತೊಳೆಯುತ್ತಲೇ ಇಲ್ಲವಲ್ಲ ಸ್ವಾಮಿ. ಎಲ್ಲ ಪೇಪರ್ ಕಪ್ಪು, ಕುಡಿದು ನಾವೇ ಡಬ್ಬಕ್ಕೆ ಹಾಕಬೇಕು. ಹಾಗಾದರೆ ಯಾವ ಖರ್ಚಿನ ಮಾತು ಇದು?

ಒಂದು ಮಾತು ನಿಜ, ಅದನ್ನೂ ಹೇಳಬೇಕು. ಅನ್‌ಲಿಮಿಟೆಡ್ ಊಟಕ್ಕೆ ಒಂದು ಟೋಕನ್ ತಗೊಂಡು ಇಬ್ಬರು ಕೂತರೆ ಅದು ಬೈಟು ಅಲ್ಲ, ಕಳ್ಳತನ. ಆಂಧ್ರ ಊಟದ ಹೋಟೆಲುಗಳಲ್ಲಿ 'ಶೇರಿಂಗ್ ಇಲ್ಲ' ಅಂತ ಬೋರ್ಡು ಹಾಕಿದರೆ ನನ್ನ ತಕರಾರು ಇಲ್ಲ. ಆದರೆ ಅದೇ ಬೋರ್ಡನ್ನು ಇಡ್ಲಿ-ವಡೆ ಹೋಟೆಲಿಗೂ ತಂದು ಅಂಟಿಸಿದರೆ? ಖಾರಾಬಾತನ್ನೂ ಕೇಸರಿಬಾತನ್ನೂ ಒಂದೇ ತಟ್ಟೆಯಲ್ಲಿ ಕೂರಿಸಿ ಚೌಚೌ ಬಾತ್ ಅಂತ ತಿನ್ನುವ ಊರು ಇದು. ಸೂಪನ್ನೂ ಬಿಡದೆ ಒನ್ ಬೈ ಟೂ ಮಾಡಿದ ಊರು. ಗೋಬಿ ಮಂಚೂರಿ ಒಂದು ಪ್ಲೇಟು, ನಾಲ್ಕು ಕಡ್ಡಿ. ಹಂಚಿಕೊಳ್ಳದೆ ತಿನ್ನುವುದು ನಮಗೆ ಬರುತ್ತದಾ?

"ಅಲ್ಲ ಕಣೇ, ಐದು ಫುಲ್ ಹೇಳಿಬಿಟ್ಟರೆ ಆಯ್ತಪ್ಪ, ಇಷ್ಟಕ್ಕೆ ಯಾಕೆ ರಂಪ" ಅಂದ ಹಾಸನದವನು. ಅವನು ಹೇಳುತ್ತಾನೆ, ಅವನದು ತೋಟ ಇದೆ. ಅವನಿಗೆ ಅರ್ಥ ಆಗದೆ ಇರುವುದು ಏನಂದರೆ, ಬೈಟು ಯಾವತ್ತೂ ಬರೀ ದುಡ್ಡು ಉಳಿಸಲು ಇದ್ದದ್ದಲ್ಲ. ಅರ್ಧ ಲೋಟ ಕಾಫಿ ಕೊನೆಯ ಗುಟುಕಿನವರೆಗೂ ಬಿಸಿ ಇರುತ್ತದೆ. ಅರ್ಧ ಕುಡಿದ ಮೇಲೆ ಮಾತು ಇನ್ನೂ ಮುಗಿದಿಲ್ಲ ಅಂದರೆ ಇನ್ನೊಂದು ಬೈಟು ಹೇಳಬಹುದು. ಎರಡನೇ ಬೈಟು ಹೇಳಿದ ಮೇಲೇ ನಿಜವಾದ ವಿಷಯ ಹೊರಗೆ ಬರುವುದು. ಯಾರ ಮನೆಯಲ್ಲಿ ಏನು, ಯಾರ ಮಗ ಕೆಲಸ ಬಿಟ್ಟ, ಯಾರ ರಿಪೋರ್ಟಿನಲ್ಲಿ ಏನು ಬಂತು. ಮೊದಲ ರೌಂಡಿನಲ್ಲಿ ಬರೀ ಟ್ರಾಫಿಕ್ಕು, ಮಳೆ.

ಹೋಟೆಲಿನವರಿಗೂ ಇದು ಗೊತ್ತು. ಅವರಿಗೆ ತೊಂದರೆ ಆಗಿರುವುದೇ ಆ ಎರಡನೇ ರೌಂಡು. ಲೋಟವೂ ಅಲ್ಲ, ಹಾಲೂ ಅಲ್ಲ. ಕುಡಿದೆಯಾ, ಎದ್ದು ಹೋಗು, ಹಿಂದೆ ಜನ ನಿಂತಿದ್ದಾರೆ. ಇದನ್ನು ನೇರವಾಗಿ ಹೇಳಿದ್ದರೆ ನನಗೆ ಅರ್ಧ ಕೋಪ ಕಡಿಮೆ ಆಗುತ್ತಿತ್ತು.

ಆದರೆ ಬೇಗ ಎಬ್ಬಿಸಿ ಕಳಿಸುವುದನ್ನು ಈ ಊರು ಕಲಿತದ್ದು ನಿನ್ನೆ ಮೊನ್ನೆ ಅಲ್ಲ. 1983ರಲ್ಲಿ ಆರ್. ಪ್ರಭಾಕರ್ ಜಯನಗರದಲ್ಲಿ ಕೆಫೆ ದರ್ಶಿನಿ ಶುರು ಮಾಡಿದಾಗ ಕುರ್ಚಿಯನ್ನೇ ತೆಗೆದುಬಿಟ್ಟರು. ಟೋಕನ್ ತಗೊಂಡು, ನಿಂತು ತಿಂದು, ಹೊರಡುವ ಪದ್ಧತಿ. ಆಮೇಲೆ ಗಲ್ಲಿಗಲ್ಲಿಗೂ ದರ್ಶಿನಿಗಳು, ಸಾಗರ್‌ಗಳು ಹುಟ್ಟಿಕೊಂಡವು. ಅದಕ್ಕಿಂತ ಅವಸರದ ಹೋಟೆಲ್ ಎಲ್ಲಿದೆ? ಆ ಅವಸರದಲ್ಲೂ ಬೈಟು ಸಿಗುತ್ತಿತ್ತು! ಕೂರಲು ಜಾಗ ಕೊಡದವರೂ ಪಾಲು ಮಾಡಿ ಕೊಟ್ಟರು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಮುಂದೆ ಇವತ್ತಿಗೂ ಜನ ಫುಟ್‌ಪಾತಿನಲ್ಲಿ ನಿಂತು ತಿನ್ನುತ್ತಾರೆ, ಸಾಂಬಾರ್ ಕೂಡ ಇಲ್ಲ, ಬರೀ ಚಟ್ನಿ. ಯಾರಿಗಾದರೂ ಬೇಜಾರಿದೆಯಾ? ಇಲ್ಲ. ಜಾಗ ಚಿಕ್ಕದಿದ್ದರೆ, ಮೆನು ಚಿಕ್ಕದಿದ್ದರೆ, ಈ ಊರಿನವರು ಹೊಂದಿಕೊಳ್ಳುತ್ತಾರೆ. ಮನಸ್ಸು ಚಿಕ್ಕದಿದ್ದರೆ ಮಾತ್ರ ಕಷ್ಟ.

ಕೂತು ಮಾತಾಡುವವರಿಗೆ ಎಂ.ಜಿ. ರೋಡಿನ ಇಂಡಿಯಾ ಕಾಫಿ ಹೌಸ್ ಇತ್ತು. ಪೇಟ ಕಟ್ಟಿದ ಬೇರರ್‌ಗಳು, ಕಟ್ಲೆಟ್ಟು. 2009ರಲ್ಲಿ ಅದು ಅಲ್ಲಿಂದ ಎದ್ದು ಚರ್ಚ್ ಸ್ಟ್ರೀಟಿಗೆ ಹೋಯಿತು. ಅಲ್ಲೂ ಹೋಗುತ್ತೇವೆ, ಆದರೆ ವಾರವಾರ ಹೋಗುವಷ್ಟು ಹತ್ತಿರ ಅಲ್ಲ. ನನ್ನ ತಕರಾರು ಹೆಸರುವಾಸಿ ಹೋಟೆಲುಗಳ ಬಗ್ಗೆ ಅಲ್ಲವೇ ಅಲ್ಲ. ಅವನ್ನು ಉಳಿಸಲು, ಅವುಗಳ ಬಗ್ಗೆ ರೀಲ್ಸ್ ಮಾಡಲು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳುತ್ತಿರುವುದು ಮನೆಯಿಂದ ಚಪ್ಪಲಿ ಮೆಟ್ಟಿ ನಡೆದು ಹೋಗುವ, ಪೇಪರಿನಲ್ಲಿ ಹೆಸರು ಬರದ, ನಮ್ಮ ಏರಿಯಾದ ಹೋಟೆಲಿನ ಬಗ್ಗೆ. ಅದು ಒಂದೊಂದಾಗಿ ಏರ್‌ಪೋರ್ಟಿನ ಹಾಗೆ ಆಗುತ್ತಿದೆ.

ಇನ್ನೊಂದು ವಿಚಿತ್ರ ನೋಡಿ. ಕಳೆದ ತಿಂಗಳು ಇಂದಿರಾನಗರದ ಒಂದು ಕಡೆ ಊಟಕ್ಕೆ ಹೋಗಿದ್ದೆವು. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿಸಿದ್ದರು. ನಮ್ಮನ್ನು ಕೇಳದೆ ಅದನ್ನು ಬಿಲ್ಲಿಗೆ ಸೇರಿಸುವಂತಿಲ್ಲ ಅಂತ 2022ರ ಜುಲೈನಲ್ಲೇ ಮಾರ್ಗಸೂಚಿ ಬಂದಿದೆ. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಹೇಳಿದ ಮೇಲೆ ತೆಗೆದರು, ಮುಖ ಮಾತ್ರ ಊದಿಸಿಕೊಂಡರು. ಅಲ್ಲಿ ಸರ್ವಿಸ್ಸಿಗೆ ದುಡ್ಡು ಕೇಳುತ್ತಾರೆ. ಇಲ್ಲಿ ಸರ್ವಿಸ್ಸೇ ಇಲ್ಲ, ಖಾಲಿ ಕಪ್ಪಿಗೆ ದುಡ್ಡು. ನನ್ನನ್ನು ಕೇಳಿದರೆ, ಒಂದು ಲೋಟವನ್ನು ಎರಡಕ್ಕೆ ಸರಿಯಾಗಿ ಬಗ್ಗಿಸಿ ತಂದಿಡುವುದೇ ಸರ್ವಿಸ್ಸು. ಅದಕ್ಕೆ ಬೇಕಾದರೆ ಚಾರ್ಜ್ ಹಾಕಿ, ಮಾತಿಲ್ಲದೆ ಕೊಡುತ್ತೇನೆ.

ಇಷ್ಟೊಂದು ಕೋಪ ಯಾಕೆ ಅಂತ ನೀವು ಕೇಳಬಹುದು. ಹೇಳಿಬಿಡುತ್ತೇನೆ. ಮಗಳು ಪುಣೆಗೆ ಹೋದ ಮೇಲೆ ಮನೆಯಲ್ಲಿ ಕಾಫಿ ಕುಡಿಯುವವಳು ನಾನೊಬ್ಬಳೇ. ಇವರಿಗೆ ಟೀ. ಬೆಳಿಗ್ಗೆ ಫಿಲ್ಟರಿಗೆ ಪುಡಿ ಹಾಕುವಾಗ ಕೈ ಇನ್ನೂ ಇಬ್ಬರ ಅಳತೆಗೇ ಹೋಗುತ್ತದೆ. ಉಳಿದ ಡಿಕಾಕ್ಷನ್ ಫ್ರಿಜ್ಜಿಗೆ, ಮಾರನೆಯ ದಿನ ಸಿಂಕಿಗೆ. ವಾರದಲ್ಲಿ ನನ್ನ ಕಾಫಿಯ ಇನ್ನರ್ಧ ಇನ್ನೊಬ್ಬರು ಕುಡಿಯುವುದು ಶನಿವಾರ ಒಂದೇ ದಿನ. ತಿಪಟೂರಿನವಳಿಗೆ ಇದನ್ನು ನಾನು ಹೇಳಿಲ್ಲ. ಈಗ ಓದುತ್ತಾಳೆ, ಓದಿ ಫೋನ್ ಮಾಡಿ ಬೈಯುತ್ತಾಳೆ, ಬೈಯಲಿ.

ಇವತ್ತು ಆ 5 ರೂಪಾಯಿ ಕೊಡಲಿಲ್ಲ. ನನ್ನ ಹಟ ನಿಮಗೆ ಗೊತ್ತಲ್ಲ. ಕಾಫಿ ಕುಡಿಯದೆ ಎದ್ದು ಬಂದೆವು. ಎರಡು ರಸ್ತೆ ಆಚೆ, ಪೆಟ್ಟಿಗೆ ಅಂಗಡಿಗಿಂತ ಸ್ವಲ್ಪ ದೊಡ್ಡದಾದ ಒಂದು ಕಾಂಡಿಮೆಂಟ್ಸ್ ಇದೆ. ಅಲ್ಲಿ ಮೂರು ಕಾಫಿ ಐದು ಮಾಡಿ ಅಂದೆ. ಅವರು ತಲೆ ಎತ್ತಿಯೂ ನೋಡದೆ ಮಾಡಿದರು. ಗಾಜಿನ ಲೋಟ, ಚೆನ್ನಾಗಿ ತೊಳೆದದ್ದು. ಕಾಫಿ ಅಂಥಾ ಚೆನ್ನಾಗೇನೂ ಇರಲಿಲ್ಲ, ಚಿಕೋರಿ ಜಾಸ್ತಿ. ಎರಡನೇ ರೌಂಡೂ ಹೇಳಿದೆವು.

ಮುಂದಿನ ಶನಿವಾರ ಜಯನಗರ ಬೇಡ ಅಂತ ತೀರ್ಮಾನ ಆಗಿದೆ. ಗಾಂಧಿ ಬಜಾರು. ವಿದ್ಯಾರ್ಥಿ ಭವನದಲ್ಲಿ ದೋಸೆ, ಕಾಯಬೇಕಾಗುತ್ತದೆ, ಕಾಯೋಣ. ಕಾಫಿ ಎಲ್ಲಿ ಅಂತ ಅಲ್ಲೇ ಸುತ್ತಾಡಿ ನೋಡೋಣ. ಆ ಕಡೆ ಬೈಟು ಕೊಡುವ ಒಳ್ಳೆಯ ಜಾಗ ಗೊತ್ತಿದ್ದವರು ತಿಳಿಸಿ. ಬರುವವರು ಏಳೂವರೆಗೆ ಬನ್ನಿ. ಹಾಸನದವನೇ, ದಯವಿಟ್ಟು ಕಾರು ತರಬೇಡ. ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಇಳಿದು ನಡೆದು ಬಾ.