ಶೆಲ್ಟರ್ ಎಸಿಗೆ ಅಲಾರಂ ಕೂಡ ಆಪ್ಷನಲ್ ಅಂತೆ!

ನಿನ್ನೆ ರಾತ್ರಿ 2 ಗಂಟೆಗೆ ಫೋನ್ ಬಂತು. ಶೆಲ್ಟರ್ ಅಂದರೆ ಮೆಷಿನ್‌ಗಳಿಟ್ಟ ಮುಚ್ಚಿದ ಕೋಣೆ. ಅದರ ಒಳಗಿನ ಮೆಷಿನ್‌ಗಳು ಒಂದೊಂದಾಗಿ ಬಂದ್ ಆಗುತ್ತಿವೆ, ಬೇಗ ಹೊರಡಿ ಅಂತ. ಹೋಗಿ ಬಾಗಿಲು ತೆಗೆದರೆ ಕುಲುಮೆ ಮುಂದೆ ನಿಂತ ಹಾಗೆ ಮುಖಕ್ಕೆ ಬಿಸಿ ರಾಚಿತು. ಗೋಡೆಯ ಥರ್ಮಾಮೀಟರ್ 51 ಡಿಗ್ರಿ ತೋರಿಸುತ್ತಿತ್ತು. ಅಲ್ಲಿರುವುದು ಒಂದಲ್ಲ, ಎರಡು ಎಸಿ. ಎರಡೂ ಸತ್ತು ಕೂತಿದ್ದವು.

ಬೆಳಿಗ್ಗೆ ಆಫೀಸಿನಲ್ಲಿ ಎಲ್ಲರೂ ನನ್ನ ಮೇಲೇ ಗೂಬೆ ಕೂರಿಸಿದರು. "ಎರಡು ಎಸಿ ಇದ್ದೂ ಹೀಗಾಗುತ್ತೆ ಅಂದ್ರೆ ನೀವು ಸರ್ವಿಸ್ ಮಾಡೋದು ಏನು?" ಮೈಯೆಲ್ಲ ಉರಿದುಹೋಯಿತು. ಏನಾಯಿತು ಅಂತ ಇಲ್ಲಿ ಬರೆಯುತ್ತೇನೆ, ಓದಿ ನೀವೇ ಹೇಳಿ.

ಎರಡು ಎಸಿ ಇದ್ದ ಕಡೆ ಲೀಡ್-ಲ್ಯಾಗ್ ಕಂಟ್ರೋಲರ್ ಇರಬೇಕು. ಇವತ್ತು ಇದು ಓಡಿದರೆ ನಾಳೆ ಅದು. ಒಂದು ಕೈಕೊಟ್ಟರೆ ಇನ್ನೊಂದು ತಾನಾಗಿ ಎದ್ದು ನಿಲ್ಲಬೇಕು. ಖರೀದಿ ವಿಭಾಗದವರು ಅದನ್ನು "ಆಪ್ಷನಲ್" ಅಂತ ತೆಗೆಸಿದರು. ಹಾಗಾಗಿ ಎರಡಕ್ಕೂ ಬೇರೆ ಬೇರೆ ಥರ್ಮೋಸ್ಟಾಟ್. ಒಂದು 24 ಡಿಗ್ರಿಗೆ, ಇನ್ನೊಂದು 27 ಡಿಗ್ರಿಗೆ. ಮೊದಲನೆಯದು ತಿಂಗಳುಗಟ್ಟಲೆ ಹಗಲು ರಾತ್ರಿ ದುಡಿಯಿತು, ಎರಡನೆಯದು ಸುಮ್ನೆ ಕೂತಿತ್ತು. ನಿನ್ನೆ ಮೊದಲನೆಯದರ ಕಂಪ್ರೆಸರ್, ಅಂದರೆ ಗ್ಯಾಸ್ ಒತ್ತುವ ಪಂಪ್, ಹೋಯಿತು. ಎರಡನೆಯದು ಶುರುವಾಯಿತು, ಆದರೆ ಬಿಸಿಯನ್ನು ಹೊರಹಾಕುವ ಅದರ ಕಂಡೆನ್ಸರ್ ಫ್ಯಾನನ್ನು ತಿರುಗಿಸಲು ಬೇಕಾದ ಕೆಪಾಸಿಟರ್ ಯಾವಾಗ ಹೋಗಿತ್ತೋ ದೇವರಿಗೇ ಗೊತ್ತು. ಫ್ಯಾನ್ ತಿರುಗಲಿಲ್ಲ. ಪ್ರೆಶರ್ ಏರಿತು, ಹೈ ಪ್ರೆಶರ್ ಸ್ವಿಚ್ ಕಟ್ ಮಾಡಿತು.

ಅಲ್ಲಿಗೇ ನಿಂತಿದ್ದರೂ ಕಂಪ್ರೆಸರ್ ಉಳಿಯುತ್ತಿತ್ತು. ಒಮ್ಮೆ ಕಟ್ ಆದರೆ ತಾನಾಗಿ ಮತ್ತೆ ಶುರುವಾಗಲು ಬಿಡದ ಲಾಕೌಟ್ ರಿಲೇ ಇದ್ದರೆ ನಿಲ್ಲುತ್ತಿತ್ತು. ಅದೂ ಆಪ್ಷನಲ್! ಪ್ರೆಶರ್ ಇಳಿದ ತಕ್ಷಣ ಸ್ವಿಚ್ ಮತ್ತೆ ಕೂಡಿತು, ಕಂಪ್ರೆಸರ್ ಮತ್ತೆ ಎದ್ದಿತು, ಮತ್ತೆ ಕಟ್. ಗಂಟೆಗಟ್ಟಲೆ ಇದೇ ಪಾಡು. ನಾನು ಟರ್ಮಿನಲ್ ಮುಚ್ಚಳ ಬಿಚ್ಚಿದಾಗ ವೈರಿನ ಹೊದಿಕೆ ಕರಗಿ ಕಪ್ಪಗೆ ಅಂಟಿಕೊಂಡಿತ್ತು. ಆ ಸುಟ್ಟ ವಾಸನೆ ಇನ್ನೂ ಕೈಯಿಂದ ಹೋಗಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಹೊಟ್ಟೆ ಉರಿಯುವುದು ಅಲಾರಂ ವಿಷಯಕ್ಕೆ. ಒಂದು ಸಣ್ಣ ರಿಲೇ, ಎರಡು ವೈರು, ಅಷ್ಟೇ. ಎಸಿ ಲಾಕೌಟ್‌ಗೆ ಹೋದರೆ ಆ ರಿಲೇಯ ಕಾಂಟ್ಯಾಕ್ಟ್ ಬಿಟ್ಟುಕೊಳ್ಳುತ್ತದೆ, ಕಂಟ್ರೋಲ್ ರೂಮಿಗೆ ಗೊತ್ತಾಗುತ್ತದೆ. ನಾರ್ಮಲಿ ಕ್ಲೋಸ್ಡ್ ಆಗಿ, ಅಂದರೆ ಎಲ್ಲ ಸರಿ ಇದ್ದಾಗ ಕೂಡಿಯೇ ಇರುವ ಹಾಗೆ ಜೋಡಿಸಿದರೆ ಇಲಿ ವೈರು ಕಡಿದರೂ ಅಲಾರಂ ಬರುತ್ತದೆ. ಮೊದಲನೆಯ ಎಸಿ ನಿಂತಾಗಲೇ ಯಾರಿಗಾದರೂ ತಿಳಿದಿದ್ದರೆ ನಾನು ಸಂಜೆಯೇ ಹೋಗಿರುತ್ತಿದ್ದೆ. ಒಳಗಿನ ಮೆಷಿನ್‌ಗಳು ಬೆಂದು ಆಫ್ ಆದ ಮೇಲೆ ಗೊತ್ತಾಗಬೇಕಾ?

ಹೇಳುತ್ತಾ ಹೋದರೆ ಮುಗಿಯಲ್ಲ. ಕರೆಂಟ್ ಹೋಗಿ ಕ್ಷಣದಲ್ಲಿ ಬಂದರೆ ಕಂಪ್ರೆಸರ್ ಸುಮಾರು 3 ನಿಮಿಷ ಕಾಯಬೇಕು, ಒಳಗಿನ ಪ್ರೆಶರ್ ಸಮ ಆಗಬೇಕು. ಅದಕ್ಕೆ ಟೈಮರ್ ಇಲ್ಲ. ಥ್ರೀ ಫೇಸ್ ಸ್ಕ್ರಾಲ್ ಕಂಪ್ರೆಸರ್‌ಗೆ ಫೇಸ್ ಅದಲುಬದಲಾದರೆ ಉಲ್ಟಾ ತಿರುಗಿ ಕಿರುಚುತ್ತದೆ, ತಂಪು ಮಾತ್ರ ಇಲ್ಲ. ಫೇಸ್ ಸರಿ ಇದೆಯಾ ಅಂತ ನೋಡುವ ಫೇಸ್ ಮಾನಿಟರ್ ಕೊಡಿ ಅಂದರೆ ಅದೂ ಇಲ್ಲ. ಹೊರಗೆ ಚಳಿ ಇದ್ದಾಗಲೂ ಎಸಿ ಸರಿಯಾಗಿ ಓಡುವ ಹಾಗೆ ನೋಡಿಕೊಳ್ಳುವ ಲೋ ಆಂಬಿಯೆಂಟ್ ಕಂಟ್ರೋಲ್ ಕೇಳಿದ್ದಕ್ಕೆ "ಚಳಿಯಲ್ಲಿ ಎಸಿ ಯಾಕೆ?" ಅಂದರು. ಮೆಷಿನ್‌ಗೆ ಚಳಿಗಾಲ ಇದೆಯಾ? ಅದು 24 ಗಂಟೆಯೂ ಬಿಸಿ ಉಗುಳುತ್ತಲೇ ಇರುತ್ತದೆ. ಹೊರಗೆ ತಣ್ಣಗಿದ್ದಾಗ ಕಂಡೆನ್ಸರ್ ಪ್ರೆಶರ್ ತೀರಾ ಬಿದ್ದು ಒಳಗಿನ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಅದನ್ನು ಕರಗಿಸುತ್ತಾ ಕೂರುವವನು ನಾನು.

ಎಲ್ಲವೂ ಬೇಕು ಅಂತ ನಾನು ಹಟ ಹಿಡಿದವನಲ್ಲ. ಹೊರಗಿನ ಗಾಳಿ ಒಳಗೆ ಬಿಡುವ ಎಕಾನಮೈಸರ್ ಬೇಡ ಅಂದರೆ ಒಪ್ಪುತ್ತೇನೆ. ಧೂಳಿನ ಜಾಗದಲ್ಲಿ ಅದರ ಡ್ಯಾಂಪರ್, ಅಂದರೆ ಗಾಳಿ ಬಿಡುವ ಬಾಗಿಲು, ಸಿಕ್ಕಿಹಾಕಿಕೊಂಡು ಬೇರೆಯೇ ತಲೆನೋವು. ಆದರೆ ಕಂಪ್ರೆಸರ್ ಜೀವ ಉಳಿಸುವ ವಸ್ತುವನ್ನು ಬಣ್ಣ ಆರಿಸುವ ಥರ ಪಟ್ಟಿಯ ಕೊನೆಗೆ ಹಾಕುವುದು ಎಂಥ ನ್ಯಾಯ? ಕಂಪನಿಯವರು ಯಾಕೆ ಹಾಗೆ ಮಾರುತ್ತಾರೆ? ಖರೀದಿಯವರು ಯಾಕೆ ಓದದೆ ಗೆರೆ ಎಳೆಯುತ್ತಾರೆ?

ಮಧ್ಯಾಹ್ನ ಎರಡು ಹೊಸ ಎಸಿಗೆ ಇಂಡೆಂಟ್ (ಖರೀದಿ ಬೇಡಿಕೆ) ಹಾಕಿದೆ. ಲೀಡ್-ಲ್ಯಾಗ್, ಲಾಕೌಟ್, ಅಲಾರಂ ಕಾಂಟ್ಯಾಕ್ಟ್, ಟೈಮರ್, ಫೇಸ್ ಮಾನಿಟರ್, ಐದನ್ನೂ ಬರೆದು, ಯಾವುದು ಯಾಕೆ ಬೇಕು ಅಂತಲೂ ಬರೆದು ಕಳಿಸಿದೆ. ಸಂಜೆ ವಾಪಸ್ ಬಂತು. ಐದರಲ್ಲಿ ನಾಲ್ಕಕ್ಕೆ ಅಡ್ಡಗೆರೆ.